ಹಳೆಯ ಮೋಟಾರು, ಹೊಸ ಬೆಳಕು

ಮಲೆನಾಡಿನ ಮಳೆಗೂ ವಿದ್ಯುದ್ದೀಪಕ್ಕೂ ಹಿಂದಿನಿಂದ ಬಂದ ವೈರ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸೊರಬದ ನೆರೆಯ ಸಾಗರ ತಾಲ್ಲೂಕಿನಲ್ಲಿಯೇ ಇದೆ. ಆದರೂ ಆಷಾಢದ ಗಾಳಿಗೆ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ಸೊರಬ-ಶಿಕಾರಿಪುರಗಳ ಒಂಟಿಮನೆಗಳಿಗೆ ಬುಡ್ಡಿದೀಪವೇ ಗತಿಯಾಗುವುದುಂಟು. ಆಗ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಪಂಪಿನ ಮೋಟಾರನ್ನು ಕಂಡು, ‘ಇದನ್ನೇ ತಿರುಗಿಸಿ ವಿದ್ಯುತ್ತನ್ನು ಏಕೆ ಪಡೆಯಬಾರದು?’ ಎಂದು ಕೇಳುವ ತರುಣರಿದ್ದಾರೆ. ಪ್ರಶ್ನೆ ಯುಕ್ತವಾದುದೇ.

ವಿದ್ಯುತ್ತನ್ನು ಕೊಟ್ಟರೆ ಮೋಟಾರು ತಿರುಗುತ್ತದೆ. ತಿರುಗಿಸಿದರೆ ಅದೇ ಯಂತ್ರ ವಿದ್ಯುತ್ತನ್ನು ಕೊಡಬಲ್ಲುದು. ಅಯಸ್ಕಾಂತದ ಚಲನೆಯಿಂದ ವಿದ್ಯುತ್ತು ಹುಟ್ಟುವುದನ್ನು ಫ್ಯಾರಡೆ 1831ರಲ್ಲಿ ತೋರಿಸಿದನು. 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿ ಒಂದು ಡೈನಮೋ ಉತ್ಪಾದಿಸಿದ ವಿದ್ಯುತ್ತಿನಿಂದ ಮತ್ತೊಂದು ಡೈನಮೋ ಮೋಟಾರಿನಂತೆ ತಿರುಗಿದುದನ್ನು ಜನ ಕಣ್ಣಾರೆ ಕಂಡರು.

ಆದರೆ ಎಲ್ಲ ಮೋಟಾರುಗಳ ಸ್ವಭಾವವೂ ಒಂದೇ ಅಲ್ಲ. ಒಳಗೆ ಶಾಶ್ವತ ಅಯಸ್ಕಾಂತವಿರುವ ಮೋಟಾರನ್ನು ತಿರುಗಿಸಿದ ಕೂಡಲೇ ವಿದ್ಯುತ್ತು ಬರುತ್ತದೆ. ಪಂಪಿನ ಮೋಟಾರಿನಲ್ಲಿ ಅಂಥ ಅಯಸ್ಕಾಂತವಿಲ್ಲ. ಅದರ ಕಬ್ಬಿಣದಲ್ಲಿ ಉಳಿದಿರುವ ಅತ್ಯಲ್ಪ ಕಾಂತತ್ವವೇ ಬಂಡವಾಳ. ತಕ್ಕ ಕೆಪಾಸಿಟರುಗಳನ್ನು ಜೋಡಿಸಿ ವೇಗವಾಗಿ ತಿರುಗಿಸಿದಾಗ ಆ ಬಂಡವಾಳ ಬಡ್ಡಿಯಂತೆ ಬೆಳೆದು ಪೂರ್ಣ ವೋಲ್ಟೇಜು ಮೂಡುತ್ತದೆ. ನಾಲ್ಕು ಧ್ರುವಗಳ ಮೋಟಾರಾದರೆ ನಿಮಿಷಕ್ಕೆ 1,500 ಸುತ್ತುಗಳಿಗಿಂತ ತುಸು ಹೆಚ್ಚಾಗಿಯೇ ತಿರುಗಬೇಕು. ದೀಪಗಳ ಭಾರ ಮಿತಿಮೀರಿದರೆ ವೋಲ್ಟೇಜು ಕುಸಿದು ಕಾಂತತ್ವವೂ ಅಳಿಸಿಹೋಗಬಹುದು. ಭಾರ ಥಟ್ಟನೆ ತಪ್ಪಿದರೆ ವೇಗವೂ ವೋಲ್ಟೇಜೂ ಏರಿ ದೀಪಗಳು ಸುಟ್ಟುಹೋಗಬಹುದು.

ಇನ್ನು, ತಿರುಗಿಸುವವರು ಯಾರು? ಒಂದು ಮೋಟಾರಿನಿಂದ ಜನರೇಟರನ್ನು ತಿರುಗಿಸಿ, ಅದರ ವಿದ್ಯುತ್ತಿನಿಂದ ಮತ್ತೆ ಅದೇ ಮೋಟಾರನ್ನು ನಡೆಸುವೆನೆಂಬ ಕನಸು ಎಂದಿಗೂ ಕೈಗೂಡದು. ಪ್ರತಿ ಸುತ್ತಿನಲ್ಲಿಯೂ ಶಕ್ತಿಯ ಒಂದು ಪಾಲು ಶಾಖವಾಗಿ ಸೋರಿಹೋಗುತ್ತದೆ. ಹೊರಗಿನ ಶಕ್ತಿ ಬೇಕೇ ಬೇಕು. ಮಲೆನಾಡಿನಲ್ಲಿ ಅದು ಹಳ್ಳದ ನೀರು.

ಲೆಕ್ಕ ಸುಲಭವಾಗಿದೆ. ಸೆಕೆಂಡಿಗೆ 10 ಲೀಟರು ನೀರು 10 ಮೀಟರು ಎತ್ತರದಿಂದ ಬಿದ್ದರೆ ಸುಮಾರು 980 ವಾಟು ಶಕ್ತಿ. ಅದರಲ್ಲಿ ಅರ್ಧ ಕೈಗೆ ಸಿಕ್ಕಿದರೂ ಮನೆಯೊಂದರ ದೀಪ, ಫ್ಯಾನು, ರೇಡಿಯೋಗಳಿಗೆ ಧಾರಾಳ. ಅದೇ ನೀರು ಒಂದೇ ಮೀಟರು ಇಳಿದರೆ ದಕ್ಕುವುದು 50 ವಾಟಿನಷ್ಟು. ಒಂಬತ್ತು ವಾಟಿನ ಐದು ಎಲ್‌ಇಡಿ ದೀಪಗಳಿಗೆ ಮಾತ್ರ ಸಾಕು. ಘಟ್ಟದ ಕಡಿದಾದ ಇಳಿಜಾರಿನ ತೋಟಗಳಲ್ಲಿ ಪುಟ್ಟ ಟರ್ಬೈನುಗಳು ಫಲಿಸಿರುವುದು ಈ ಎತ್ತರದ ಬಲದಿಂದಲೇ. ದಂಡಾವತಿ ಹರಿಯುವ ಸೊರಬ, ಕುಮುದ್ವತಿ ಹರಿಯುವ ಶಿಕಾರಿಪುರಗಳು ಅರೆಮಲೆನಾಡು. ಇಲ್ಲಿ ನೀರು ಕಂಡ ಮಾತ್ರಕ್ಕೆ ಹಿಗ್ಗದೆ ಮೊದಲು ಇಳಿಜಾರನ್ನು ಅಳೆಯಬೇಕು, ಬೇಸಿಗೆಯಲ್ಲಿ ಹಳ್ಳ ಬತ್ತುವುದನ್ನೂ ನೆನೆಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮನೆಯಲ್ಲಿ ಹುಟ್ಟಿಸಿದ ವಿದ್ಯುತ್ತನ್ನು ನೇರವಾಗಿ ಮನೆಯ ಪ್ಲಗ್ಗಿಗೆ ಎಂದಿಗೂ ಸೇರಿಸಕೂಡದು. ಅದು ಮೀಟರನ್ನು ದಾಟಿ ಬೀದಿಯ ತಂತಿಗೆ ನುಗ್ಗುತ್ತದೆ; ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ 11,000 ವೋಲ್ಟಿನವರೆಗೂ ಆದೀತು. ‘ಲೈನು ಆಫ್ ಆಗಿದೆ’ ಎಂದು ನಂಬಿ, ಸುರಿವ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ನನಿಗೆ ಅದೇ ಮೃತ್ಯುವಾಗಬಲ್ಲುದು. ಜನರೇಟರಿನ ದೀಪಗಳಿಗೆ ಬೇರೆಯೇ ವೈರಿಂಗಿರಲಿ. ಇಲ್ಲವೆ ಎರಡೂ ಕಡೆಯ ವಿದ್ಯುತ್ತು ಒಮ್ಮೆಲೇ ಕೂಡದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಅನುಮತಿ ಪಡೆದ ಕಂಟ್ರಾಕ್ಟರಿಂದಲೇ ಹಾಕಿಸಿರಿ. ಯಂತ್ರ ನಿಂತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಮಕ್ಕಳ ಕೈಗೆ ಎಟುಕದಂತೆ ಪೆಟ್ಟಿಗೆಯೊಳಗೆ ಇಡಿರಿ.

ಗುಜರಿಗೆ ಹೋಗಬೇಕಾಗಿದ್ದ ಯಂತ್ರ ಮಳೆಗಾಲದ ರಾತ್ರಿ ಮಕ್ಕಳ ಓದಿಗೆ ಬೆಳಕಾಗುವುದಾದರೆ ಅದಕ್ಕಿಂತ ಜಾಣ ಉಳಿತಾಯವಿಲ್ಲ. ಆದರೆ ನಮ್ಮ ಮನೆಯ ದೀಪವು ಕಂಬದ ಮೇಲಿರುವವನ ಮನೆಯ ದೀಪವನ್ನು ಆರಿಸಬಾರದು.