ದುಡಿಮೆ ನಿಂತ ಎತ್ತಿಗೆ ಕನಿಕರದ ಹುರುಳಿ ಬೇಡ

ನಮ್ಮ ಹಳ್ಳಿಕಾರ್ ಜೋಡೀಲಿ ಒಂದು ಎತ್ತಿನ ಮುಂಗಾಲು ಉಳುಕಿ, ಡಾಕ್ಟರು 6 ವಾರ ಕಟ್ಟಿಹಾಕಿ ಅಂದ್ರು. ಪಾಪ ಅಂತ ಬೇಯಿಸಿದ ಹುರುಳಿ, ಹಿಂಡಿ ಎಂದಿನಂತೆ ಹಾಕ್ತಾ ಹೋದೆ. ಮೂರೇ ವಾರಕ್ಕೆ ಮೈ ಬಂತು, ಭಾರವೆಲ್ಲ ನೋಯೋ ಕಾಲಿನ ಮೇಲೇ ಬಿತ್ತು. ತಪ್ಪು ನನ್ನದೇ.

ನಾನು ಹೇಳೋದಿಷ್ಟೇ: ದುಡಿಮೆ ನಿಂತ ಮೇಲೆ ದುಡಿಮೆಯ ಮೇವೂ ಇಳಿಯಬೇಕು. ಹುರುಳಿ, ಹಿಂಡಿ ದಿನದಿನಕ್ಕೆ ಕಮ್ಮಿ ಮಾಡಿ. ಹೊಟ್ಟೆ ಮಾತ್ರ ಖಾಲಿ ಬಿಡಬೇಡಿ. ರಾಗಿ ಹುಲ್ಲನ್ನ ಒಂದೇ ಸಲ ಸುರಿಯದೆ ನಾಲ್ಕು ಸಲ ಹಾಕಿ. ಮೆಲುಕು ಹಾಕ್ತಾ ಹೊತ್ತೂ ಹೋಗುತ್ತೆ.

ನಮ್ಮದು ಬೇಸರಕ್ಕೆ ಹಗ್ಗ ಅಗಿಯೋಕೆ ಶುರು ಮಾಡಿತ್ತು. ಬೇರೆ ಕಡೆ ಕಟ್ಟಿದ್ದ ಜೊತೆ ಎತ್ತನ್ನ ಪಕ್ಕಕ್ಕೆ ತಂದು, ದಿನಾ ಮೈ ಉಜ್ಜಿದ ಮೇಲೆ ಬಿಟ್ಟಿತು. ಅದಕ್ಕೂ ಜೊತೆ ಬೇಕು ಕಣ್ರಪ್ಪ.