ಮಾಣಿಯ ಕಣ್ಣಿಗೆ ಬಿದ್ದದ್ದು

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೊಸ ಹೊಳಪಿನಲ್ಲಿ ಮರಳಿ ಬಂದಿದೆ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸೆ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆ ಗುಣಮಟ್ಟಕ್ಕೆ ತಂದವು. 2024ರ ವೆನಿಸ್ ಚಲನಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದರ ಪ್ರದರ್ಶನವಾಯಿತು. ಇಪ್ಪತ್ತೇಳರ ಆಸುಪಾಸಿನ ನಿರ್ದೇಶಕನ ಮೊದಲ ಕಥಾಚಿತ್ರಕ್ಕೆ ಹಣ ಹೂಡುವ ಧೈರ್ಯ ತೋರಿದ ಸದಾನಂದ ಸುವರ್ಣರು ಆ ಪ್ರದರ್ಶನಕ್ಕೆ ಕೆಲವೇ ವಾರ ಮೊದಲು ತೀರಿಕೊಂಡರು. ಮುಂಬೈ ಕನ್ನಡ ರಂಗಭೂಮಿಯಲ್ಲಿ ಬೆಳೆದ ಮನುಷ್ಯ ಮಲೆನಾಡಿನ ಅಗ್ರಹಾರದ ಕತೆಗೆ ಹಣ ಹಾಕಿದರು. ಆ ಋಣವನ್ನು ನಾವು ಸಾಕಷ್ಟು ನೆನೆಯಲಿಲ್ಲ.

1977ರ ಈ ಚಿತ್ರ ಕನ್ನಡಕ್ಕೆ ಮೂರನೆಯ ಸ್ವರ್ಣಕಮಲ ತಂದಿತು. ‘ಸಂಸ್ಕಾರ’, ‘ಚೋಮನ ದುಡಿ’ ಅದಕ್ಕೂ ಹಿಂದಿನವು. ಸಂಗೀತಕ್ಕಾಗಿ ಬಿ.ವಿ. ಕಾರಂತರಿಗೆ, ನಾಣಿಯ ಪಾತ್ರಕ್ಕಾಗಿ ಬಾಲನಟ ಅಜಿತ್ ಕುಮಾರನಿಗೆ ರಾಷ್ಟ್ರಪ್ರಶಸ್ತಿ ಬಂತು. ಇಷ್ಟು ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಚಿತ್ರವನ್ನು ‘ವಿಧವೆಯ ಕತೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ಆ ಪಟ್ಟಿಗಳ ರೂಢಿ. ಯಮುನೆ ವಿಧವೆ ಹೌದು. ಆದರೆ ಈ ಚಿತ್ರ ನನ್ನ ಮಟ್ಟಿಗೆ ಹುಡುಗರದು. ಕಟ್ಟುನಿಟ್ಟಿನ ಸಮಾಜವೊಂದು ಕಾವಲಿನ ಕೆಲಸವನ್ನು ಮಕ್ಕಳಿಗೆ ಹೇಗೆ ವಹಿಸಿಕೊಡುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನನಗೆ ಹೊಳೆಯುತ್ತಿಲ್ಲ.

ನಾಣಿಯನ್ನು ಅವನ ಅಪ್ಪ ಉಡುಪರ ವೇದಪಾಠಶಾಲೆಗೆ ತಂದು ಬಿಡುತ್ತಾನೆ. ಅಲ್ಲಿ ಮಂತ್ರ ಕಲಿಯುವ ಮೊದಲೇ ಮಾಣಿ ಕಲಿಯುವುದು ದೊಡ್ಡ ಹುಡುಗರಿಗೆ ಹೆದರುವುದನ್ನು. ಶಾಸ್ತ್ರಿ ಅವರಲ್ಲಿ ಮುಂದಾಳು. ಅವನು ಕೆಟ್ಟ ಹುಡುಗ ಎಂದು ಬದಿಗಿಡುವುದು ಸುಲಭ. ಆದರೆ ಶಾಸ್ತ್ರಿ ಮಾಡುವುದಾದರೂ ಏನು? ಕಿಂಡಿಯಲ್ಲಿ ಇಣುಕುತ್ತಾನೆ, ಯಾರು ಎಲ್ಲಿ ಹೋದರು, ಯಾರು ಬಂದರು ಎಂದು ಲೆಕ್ಕ ಇಡುತ್ತಾನೆ, ಆ ಲೆಕ್ಕವನ್ನು ಬೇಕಾದಾಗ ಬೇಕಾದ ಕಿವಿಗೆ ಮುಟ್ಟಿಸುತ್ತಾನೆ. ಊರಿನ ಹಿರಿಯರು ಮಾಡುವುದೂ ಇದನ್ನೇ. ಅವರದಕ್ಕೆ ಧರ್ಮರಕ್ಷಣೆ ಎಂಬ ಹೆಸರಿದೆ, ಇವನದಕ್ಕೆ ಚಾಡಿ ಎಂಬ ಹೆಸರು. ಪಾಠಶಾಲೆಯ ನಿಜವಾದ ಪಾಠ ಚೆನ್ನಾಗಿ ಹತ್ತಿದ್ದು ಶಾಸ್ತ್ರಿಗೇ.

ಮನೆ ಬಿಟ್ಟು ಬಂದ ನಾಣಿಗೆ ಉಡುಪರ ಮಗಳು ಯಮುನಕ್ಕನೇ ಆಸರೆ. ಅವಳು ಬಸುರಿ. ಬಸುರಾದದ್ದು ಶಾಲೆಯ ಮೇಷ್ಟ್ರಿಂದ. ಉಡುಪರು ಊರಲ್ಲಿಲ್ಲದ ಹೊತ್ತಿನಲ್ಲಿ ಸುದ್ದಿ ಒಳಮನೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಬೀಳುತ್ತದೆ. ಹುಡುಗನಿಗೆ ಎಲ್ಲ ಗೊತ್ತಾಗುವುದಿಲ್ಲ, ಏನೋ ಆಗುತ್ತಿದೆ ಎಂಬುದು ಮಾತ್ರ ಗೊತ್ತು. ಯಮುನೆ ಸಾಯಲೆಂದು ಹುತ್ತಕ್ಕೆ ಕೈ ಹಾಕುವ ಗಳಿಗೆಯಲ್ಲಿ ಅವನ ಮುಖದ ಮೇಲಿರುವುದು ಕರುಣೆಗಿಂತ ಹೆಚ್ಚಾಗಿ ದಿಗಿಲು. ಎಸ್. ರಾಮಚಂದ್ರರ ಕ್ಯಾಮೆರಾ ಆ ದಿಗಿಲನ್ನು ಕಣ್ಣೀರಾಗಿಸಲು ಹೋಗುವುದಿಲ್ಲ. ಕಪ್ಪು ಬಿಳುಪಿನ ಈ ಚಿತ್ರದಲ್ಲಿ ಕತ್ತಲೆಗೆ ಎಷ್ಟು ಪದರಗಳಿದ್ದವು ಎಂಬುದು ಮಸುಕು ಪ್ರತಿಗಳಲ್ಲಿ ನೋಡಿದ ನಮ್ಮಲ್ಲನೇಕರಿಗೆ ತಿಳಿದೇ ಇರಲಿಲ್ಲ.

ಮೇಷ್ಟ್ರ ಪಾತ್ರ ತೆಳುವಾಯಿತು ಎಂಬುದು ನನ್ನ ಹಳೆಯ ತಕರಾರು. ಬರುತ್ತಾನೆ, ಗರ್ಭ ತೆಗೆಸುವ ಏರ್ಪಾಡು ಮಾಡುತ್ತಾನೆ, ಕಾಲಿಗೆ ಬುದ್ಧಿ ಹೇಳುತ್ತಾನೆ. ನಾಣಿ ಅವನನ್ನು ಕಂಡದ್ದೇ ಅಷ್ಟು ಎನ್ನಬಹುದು. ಆದರೂ ಓಡಿಹೋಗುವ ಗಂಡಸಿಗೆ ಸಿನಿಮಾ ಇನ್ನೂ ಸ್ವಲ್ಪ ಲೆಕ್ಕ ಕೇಳಬಹುದಿತ್ತು.

ಉಡುಪರು ಮಗಳಿಗೆ ಘಟಶ್ರಾದ್ಧ ಮಾಡುತ್ತಾರೆ. ಬದುಕಿರುವವರಿಗೆ ಮಾಡುವ ಸಾವಿನ ಕ್ರಿಯೆ ಅದು. ಮಡಕೆ ಒಡೆದ ಮೇಲೆ ಅವಳು ಆ ಮನೆಯ ಪಾಲಿಗೆ ಇಲ್ಲ, ಊರಿನ ಪಾಲಿಗೂ ಇಲ್ಲ. ತಲೆ ಬೋಳಿಸಿಕೊಂಡ ಯಮುನೆ ಮರದ ಬುಡದಲ್ಲಿ ಒಂಟಿಯಾಗಿ ಕೂತಿದ್ದಾಳೆ. ಇತ್ತ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗುವ ಸುದ್ದಿ ಕೇಳಿಬರುತ್ತದೆ. ಆ ಮದುವೆಗೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ.

ಇದಕ್ಕೆ ಹೊಂದಿಕೊಳ್ಳುವ ಇನ್ನೊಂದು ಚಿತ್ರವನ್ನು ಹೇಳಬೇಕು. ಡೇನಿಯಲ್ ಕೊಕೊಟಾಯ್ಲೊ ಅವರ ‘ಅಪಾಸ್ಟಸಿ’ (2017) ನಡೆಯುವುದು ಇಂಗ್ಲೆಂಡಿನಲ್ಲಿ, ಯೆಹೋವನ ಸಾಕ್ಷಿಗಳ ನಡುವೆ. ನಿರ್ದೇಶಕರು ಬೆಳೆದದ್ದೂ ಆ ಪಂಥದಲ್ಲೇ. (ರಾಷ್ಟ್ರಗೀತೆ ಹಾಡದೆ ಸುಮ್ಮನೆ ಎದ್ದು ನಿಂತರೆಂದು ಶಾಲೆಯಿಂದ ಹೊರಹಾಕಲಾದ ಕೇರಳದ ಮೂವರು ಮಕ್ಕಳ ಪರವಾಗಿ ಸುಪ್ರೀಂ ಕೋರ್ಟ್ 1986ರಲ್ಲಿ ಕೊಟ್ಟ ತೀರ್ಪು ಓದುಗರಿಗೆ ನೆನಪಿರಬಹುದು. ಆ ಮಕ್ಕಳು ಇದೇ ಪಂಥದವರು.) ಚಿತ್ರದಲ್ಲಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಪಂಥದ ಹೊರಗಿನ ಹುಡುಗನಿಂದ ಬಸುರಾಗುತ್ತಾಳೆ. ಹಿರಿಯರ ಸಮಿತಿ ಕೂತು ಅವಳನ್ನು ಹೊರಗಿಡುತ್ತದೆ. ಅಂದಿನಿಂದ ತಾಯಿ ಅವಳೊಡನೆ ಬೇಕಾದಷ್ಟೇ ಮಾತಾಡಬೇಕು. ಮಡಕೆ ಒಡೆಯುವುದಿಲ್ಲ, ತಲೆ ಬೋಳಿಸುವುದಿಲ್ಲ, ಯಾರೂ ದನಿ ಎತ್ತುವುದೂ ಇಲ್ಲ. ಕೋಟು, ಟೈ ಹಾಕಿಕೊಂಡ ಗಂಡಸರು ಮೆಲುದನಿಯಲ್ಲೇ ಎಲ್ಲ ಮುಗಿಸುತ್ತಾರೆ. ರಕ್ತ ಕೊಡಿಸಿಕೊಳ್ಳುವುದು ಪಂಥಕ್ಕೆ ನಿಷಿದ್ಧ. ಕಿರಿಯ ಮಗಳಿಗೆ ರಕ್ತಹೀನತೆ. ಅವಳು ನಂಬಿಕೆಯನ್ನು ಮನಸಾರೆ ಪ್ರೀತಿಸುವ ಹುಡುಗಿ. ನೋಡುವವರಿಗೆ ಕಷ್ಟವಾಗುವುದು ಅಲ್ಲಿಯೇ. ಅವಳನ್ನು ಯಾರೂ ಹಗ್ಗ ಬಿಗಿದು ಕಟ್ಟಿಹಾಕಿಲ್ಲ.

ಇತ್ತೀಚೆಗೆ ಇಂಥ ಸಮುದಾಯಗಳ ಕುರಿತ ಚಿತ್ರಗಳು ಬಹಳ ಬರುತ್ತಿವೆ. ಹೆಚ್ಚಿನವುಗಳಲ್ಲಿ ಹುಡುಗಿಯೋ ಹುಡುಗನೋ ಕೊನೆಗೆ ಬಸ್ಸೋ ವಿಮಾನವೋ ಹತ್ತಿ ದೊಡ್ಡ ನಗರಕ್ಕೆ ಹೋಗುತ್ತಾರೆ. ನಾವು ನಿಟ್ಟುಸಿರು ಬಿಟ್ಟು ಮನೆಗೆ ಬರುತ್ತೇವೆ. ಕಟ್ಟುಪಾಡು ಇರುವುದು ಅವರಲ್ಲಿ, ನಾವು ಹೊರಗಿನವರು ಎಂಬ ಸಮಾಧಾನ ಟಿಕೆಟ್ಟಿನ ಜೊತೆಗೇ ಸಿಕ್ಕಿರುತ್ತದೆ. ಕಾಸರವಳ್ಳಿ, ಕೊಕೊಟಾಯ್ಲೊ ಇಬ್ಬರೂ ಆ ಸಮಾಧಾನ ಕೊಡುವುದಿಲ್ಲ. ಇಬ್ಬರೂ ಒಳಗಿನಿಂದ ಬಂದವರು ಎಂಬುದು ಒಂದು ಕಾರಣ. ಕತೆ ಬರೆದ ಯು.ಆರ್. ಅನಂತಮೂರ್ತಿ, ಅದನ್ನು ತೆರೆಗೆ ತಂದ ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ಸೀಮೆಯವರು. ಒಲೆಯ ಹೊಗೆ, ಮಡಿ, ಸಂಧ್ಯಾವಂದನೆಯ ಹೊತ್ತು, ಇವು ಅವರಿಗೆ ಓದಿ ಗೊತ್ತಾದ ಸಂಗತಿಗಳಲ್ಲ. ತಾವು ಟೀಕಿಸುವ ಲೋಕದ ಮೇಲೆ ಅವರಿಗೆ ಒಲವೂ ಉಳಿದಿದೆ. ಹಾಗಾಗಿ ಟೀಕೆ ಚುಚ್ಚುತ್ತದೆ.

‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ದೊಡ್ಡವರು. ತಪ್ಪಿದರೂ ತಾವೇ ತಪ್ಪಿದರು, ಅಗ್ರಹಾರ ಬಿಟ್ಟು ನಡೆದರೂ ತಮ್ಮ ಕಾಲಲ್ಲೇ ನಡೆದರು. ನಾಣಿಗೆ ಆ ಭಾಗ್ಯವಿಲ್ಲ. ತಂದು ಬಿಟ್ಟ ಅಪ್ಪನೇ ಅವನನ್ನು ಕೈ ಹಿಡಿದು ಕರೆದೊಯ್ಯುತ್ತಾನೆ. ಯಮುನಕ್ಕನನ್ನು ಅವನು ದಾರಿಯಲ್ಲಿ ನೋಡುತ್ತಾನೆ, ನೋಡಿಯೂ ಮುಂದೆ ಹೋಗುತ್ತಾನೆ. ಹೋಗಲೇಬೇಕು, ಅವನು ಮಗು. ಮುಂದೆ ಈ ಮಾಣಿ ಏನಾದ? ಇನ್ನೊಂದು ಊರಿನಲ್ಲಿ ಇನ್ನೊಬ್ಬ ಉಡುಪನಾಗಿರಲೂ ಸಾಕು. ಚಿತ್ರ ಅದನ್ನು ಹೇಳುವುದಿಲ್ಲ. ಆದರೆ ಹಾಗಾಗದು ಎಂಬ ಭರವಸೆಯನ್ನೂ ಕೊಡುವುದಿಲ್ಲ.

ಬಹಿಷ್ಕಾರ ಹಳೆಯ ಕಾಲದ ಮಾತು ಎನ್ನುವವರು ಪಕ್ಕದ ಮಹಾರಾಷ್ಟ್ರವನ್ನು ನೋಡಬಹುದು. ಜಾತಿ ಪಂಚಾಯಿತಿಗಳ ಹಾವಳಿ ತಡೆಯಲು ಅಲ್ಲಿನ ವಿಧಾನಮಂಡಲ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಅದು 2016ರಲ್ಲಿ.

ನಮ್ಮ ಚಿತ್ರಸಮಾಜಗಳಲ್ಲಿ ಒಂದು ಬಿನ್ನಹ. ವೆನಿಸ್‌ನಲ್ಲಿ ತೋರಿಸಿದ ಪ್ರತಿ ಶಿವಮೊಗ್ಗ, ಸಾಗರ, ಉಡುಪಿ, ಧಾರವಾಡಗಳ ದೊಡ್ಡ ತೆರೆಯ ಮೇಲೂ ಕಾಣಬೇಕು. ಕಾಲೇಜುಗಳು ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿಗೆ ಪತ್ರ ಬರೆದು ಕೇಳಲಿ. ಪ್ರದರ್ಶನ ನಿಗದಿಯಾದ ಕಡೆಯವರು ನಮಗೂ ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸ್ಥಳ, ವೇಳೆ ಪ್ರಕಟಿಸುತ್ತೇವೆ.