‘ಕಪ್ ನಮ್ದೇ’: ನೋಡುವವನ ಹೊಣೆ

ಕನ್ನಡ ನಾಡಿನಲ್ಲಿ ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಜನರ ನಾಲಗೆಯ ಮೇಲೆ ನಲಿದಾಡಿದ ಮಾತುಗಳಲ್ಲಿ ‘ಈ ಸಲ ಕಪ್ ನಮ್ದೇ’ ಎಂಬುದೂ ಒಂದು. ಶಾಲೆಗೆ ಹೋಗುವ ಮಗುವಿನಿಂದ ಹಿಡಿದು ಮೊಮ್ಮಕ್ಕಳನ್ನು ಕಂಡ ಹಿರಿಯರವರೆಗೆ ಎಲ್ಲರೂ ಅದನ್ನು ಆಡಿದರು. 2008ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗಿನ ಹದಿನೇಳು ಆವೃತ್ತಿಗಳಲ್ಲಿ ಬೆಂಗಳೂರಿನ ತಂಡಕ್ಕೆ ಕಪ್ ದೊರೆಯಲಿಲ್ಲ. ಹದಿನೆಂಟನೆಯ ಆವೃತ್ತಿಯಲ್ಲಿ, 2025ರ ಜೂನ್ 3ರ ರಾತ್ರಿ, ಅಹಮದಾಬಾದಿನಲ್ಲಿ ಪಂಜಾಬಿನ ತಂಡವನ್ನು 6 ರನ್‌ಗಳ ಅಂತರದಿಂದ ಸೋಲಿಸಿದಾಗ ಆ ಮಾತು ನಿಜವಾಯಿತು. ಮರುದಿನ ಸಂಜೆ ವಿಜಯೋತ್ಸವವನ್ನು ನೋಡಲೆಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೆರೆದ ಜನಸ್ತೋಮದಲ್ಲಿ ಕಾಲ್ತುಳಿತವುಂಟಾಗಿ 11 ಜನ ಪ್ರಾಣ ಬಿಟ್ಟರು. ಅವರಲ್ಲಿ ಹೆಚ್ಚಿನವರು ಎಳೆಯ ಪ್ರಾಯದವರು.

ಅಂದಿನಿಂದ ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ‘ಆಟ ನೋಡುವುದರಲ್ಲಿ ತಪ್ಪೇನು? ದುಡಿದು ದಣಿದವನಿಗೆ ಅದೊಂದು ನಿರಪಾಯ ಸಂತೋಷ’ ಎಂಬುದು ಒಂದು. ‘ಯಾರೋ ಆಡಿ ಯಾರೋ ಗೆದ್ದರೆ ಬೀದಿಯಲ್ಲಿ ಕುಣಿಯುವುದು ಶುದ್ಧ ಹುಚ್ಚು’ ಎಂಬುದು ಇನ್ನೊಂದು. ಮೊದಲನೆಯ ಮಾತು ಉದಾರವಾಗಿ ಕಾಣುತ್ತದೆ, ಎರಡನೆಯದು ವಿವೇಕದಂತೆ ಕೇಳಿಸುತ್ತದೆ. ಎರಡರಲ್ಲಿಯೂ ಸತ್ಯದ ಒಂದು ತುಣುಕು ಉಂಟು, ಪೂರ್ಣ ಸತ್ಯ ಯಾವುದರಲ್ಲಿಯೂ ಇಲ್ಲ. ವಚನವೊಂದನ್ನು ಪದ ಪದವಾಗಿ ಬಿಡಿಸಿ ನೋಡುವಂತೆ ಈ ಘೋಷಣೆಯನ್ನೂ ಬಿಡಿಸಿ ನೋಡಿದರೆ ದೋಷ ಎಲ್ಲಿದೆಯೆಂಬುದು ಗೋಚರಿಸುತ್ತದೆ.

ಮೊದಲು ‘ಕಪ್’ ಎಂಬ ಪದವನ್ನು ತೆಗೆದುಕೊಳ್ಳಬಹುದು. ಕಣ್ಣಿಗೆ ಕಾಣುವುದು ಹೊಳೆಯುವ ಒಂದು ಲೋಹದ ಪಾತ್ರೆ. ಅದರ ಹಿಂದೆ ಇರುವುದು ಏನು? 2023ರಿಂದ 2027ರವರೆಗಿನ ಐದು ವರ್ಷಗಳ ಪಂದ್ಯಗಳನ್ನು ಪ್ರಸಾರ ಮಾಡುವ ಹಕ್ಕು 2022ರ ಹರಾಜಿನಲ್ಲಿ 48,390 ಕೋಟಿ ರೂಪಾಯಿಗಳಿಗೆ ಮಾರಾಟವಾಯಿತು. ಇಷ್ಟು ಹಣವನ್ನು ಕೊಟ್ಟವರು ಚೆಂಡು ಬ್ಯಾಟುಗಳನ್ನು ಕೊಂಡುಕೊಳ್ಳಲಿಲ್ಲ. ಅವರು ಕೊಂಡದ್ದು ನೋಡುವವನ ಗಮನವನ್ನು. ಅದನ್ನೇ ಅವರು ಜಾಹೀರಾತುದಾರರಿಗೆ ಹತ್ತು ಕ್ಷಣ, ಇಪ್ಪತ್ತು ಕ್ಷಣಗಳ ಲೆಕ್ಕದಲ್ಲಿ ಮತ್ತೆ ಮಾರುತ್ತಾರೆ. ಓವರು ಮುಗಿದರೆ ಜಾಹೀರಾತು, ವಿಕೆಟ್ ಬಿದ್ದರೆ ಜಾಹೀರಾತು. ತಂತ್ರವನ್ನು ಯೋಚಿಸಲೆಂದು ಎರಡೂವರೆ ನಿಮಿಷಗಳ ವಿರಾಮ ಕೊಟ್ಟರೆ ಆಗಲೂ ಜಾಹೀರಾತು. ಸಂತೆಗೆ ಹೋದವನು ತಾನು ಕೊಳ್ಳುವವನೆಂದು ತಿಳಿದಿರುತ್ತಾನೆ. ಈ ಸಂತೆಯಲ್ಲಿ ಮಾತ್ರ ತಕ್ಕಡಿಯಲ್ಲಿ ಕುಳಿತಿರುವವನು ತಾನೇ ಎಂಬುದು ಅವನಿಗೆ ತಿಳಿಯದು.

ಇನ್ನು ‘ನಮ್ದೇ’ ಎಂಬ ಪದ. ಇಡೀ ಘೋಷಣೆಯ ಪ್ರಾಣವಿರುವುದು ಇದರಲ್ಲಿಯೇ. ಆ ತಂಡದ ಆಟಗಾರರು ಹರಾಜಿನ ಮೂಲಕ ಒಟ್ಟುಗೂಡಿದವರು. 2025ರಲ್ಲಿ ಅದರ ನಾಯಕನು ಇಂದೂರಿನವನು, ಅತಿ ಪ್ರಸಿದ್ಧ ಆಟಗಾರನು ದೆಹಲಿಯವನು. ಇದು ದೋಷವಲ್ಲ; ಎಲ್ಲಿಂದಲೋ ಬಂದವರನ್ನು ತನ್ನವರೆಂದು ಅಪ್ಪಿಕೊಳ್ಳುವುದು ಈ ನೆಲದ ದೊಡ್ಡ ಗುಣ. ಆದರೆ ತಂಡದ ಹೆಸರೇ ಒಂದು ಮದ್ಯದ ಹೆಸರಿನಿಂದ ಬಂದದ್ದು. ಗೆಲುವಿನ ಆ ರಾತ್ರಿ ತಂಡದ ಒಡೆತನವೂ ಮದ್ಯ ತಯಾರಿಸುವ ಕಂಪನಿಯದಾಗಿತ್ತು. ಲಾಭ ಅವರದು, ಸಂಭಾವನೆ ಆಟಗಾರರದು, ಪ್ರಸಾರದ ಆದಾಯ ಪ್ರಸಾರಕರದು. ಹಾಗಾದರೆ ‘ನಮ್ದೇ’ ಎಂದು ಗಂಟಲು ಹರಿಯುವಂತೆ ಕೂಗಿದವನ ಪಾಲಿಗೆ ಬಂದುದೇನು? ಬೆಳಗಾದರೆ ಅದೇ ಬಾಡಿಗೆ, ಅದೇ ಸಾಲ, ಅದೇ ದುಡಿಮೆ. ತನ್ನದಲ್ಲದ ಗೆಲುವನ್ನು ತನ್ನದೆಂದು ಹೊದ್ದು ಮಲಗಿದವನಿಗೆ ಚಳಿ ಬಿಡುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆಟವನ್ನು ನೋಡುವುದೇ ಪಾಪವೆಂದು ತೀರ್ಮಾನಿಸುವುದು ಅನ್ಯಾಯ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಜನರನ್ನು ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ನಗೆಯ ಮಾರಿತಂದೆ ಇದ್ದನು. ವೇಷ ಹಾಕಿ ಆಡಿ ತೋರಿಸುವುದನ್ನೇ ಕಾಯಕವಾಗಿ ಉಳ್ಳ ಬಹುರೂಪಿ ಚೌಡಯ್ಯನಿದ್ದನು. ನೇಯುವವನ, ಅಂಬಿಗನ, ಮಡಿವಾಳನ ಜೊತೆಯಲ್ಲಿಯೇ ನಗಿಸುವವನಿಗೂ ಆಡುವವನಿಗೂ ಸಮಾನ ಸ್ಥಾನ ದೊರೆಯಿತು. ನಗಿಸುವುದು ಕಾಯಕವಾದರೆ ನಗುವುದು ಅಪರಾಧವಾಗಲಾರದು; ಆಡುವುದು ಕಾಯಕವಾದರೆ ನೋಡುವುದೂ ಅಪರಾಧವಾಗಲಾರದು. ವಿನೋದವನ್ನು ಕಂಡೊಡನೆ ಹುಬ್ಬು ಗಂಟಿಕ್ಕುವ ಒಣ ವೈರಾಗ್ಯಕ್ಕೆ ಈ ಪರಂಪರೆಯಲ್ಲಿ ಆಧಾರವಿಲ್ಲ.

ನೋಟವು ಮನುಷ್ಯನನ್ನು ಎತ್ತರಿಸಬಲ್ಲದು ಎಂಬುದಕ್ಕೆ ಕ್ರಿಕೆಟ್ಟಿನ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಭಾರತದ ನಾಯಕನಾಗಿದ್ದವರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಔಟಾದರೆಂದು ಅಂಪೈರು ತೀರ್ಪು ಕೊಟ್ಟಾಗ ಅದು ಸರಿಯಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆದು ಆಡಿಸಿದರು. ಭಾರತವು ಆ ಪಂದ್ಯವನ್ನು ಹತ್ತು ವಿಕೆಟ್‌ಗಳಿಂದ ಸೋತಿತು. ಸೋಲನ್ನು ಲೋಕ ಮರೆತಿದೆ, ಆ ನ್ಯಾಯಬುದ್ಧಿಯನ್ನು ಮರೆತಿಲ್ಲ. ಇಂಥದನ್ನು ಕಣ್ಣಾರೆ ಕಂಡವನು ಸಮಯವನ್ನು ಹಾಳುಮಾಡಿಕೊಂಡನೆಂದು ಯಾರು ತಾನೇ ಹೇಳಿಯಾರು?

ಆಡುವವರ ಮಾತು ಹಾಗಿರಲಿ, ನೋಡುವವರ ಹಿರಿಮೆಗೂ ನಿದರ್ಶನವುಂಟು. 1999ರ ಜನವರಿ 31ರಂದು ಚೆನ್ನೈಯ ಚೆಪಾಕ್ ಕ್ರೀಡಾಂಗಣದಲ್ಲಿ ಪಾಕಿಸ್ತಾನವು ಭಾರತವನ್ನು ಕೇವಲ 12 ರನ್‌ಗಳಿಂದ ಸೋಲಿಸಿತು. ಗೆಲುವು ಕೈಗೆ ಬಂದು ಜಾರಿದ ನೋವಿನಲ್ಲಿಯೂ ಅಲ್ಲಿ ನೆರೆದಿದ್ದ ಜನರು ಎದ್ದು ನಿಂತು ಎದುರಾಳಿಗಳಿಗೆ ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಮೈದಾನವನ್ನು ಸುತ್ತಿ ಬಂದು ಆ ಗೌರವವನ್ನು ಸ್ವೀಕರಿಸಿದರು. ಇದಕ್ಕೆ ಮೂರು ವರ್ಷಗಳ ಹಿಂದೆ, 1996ರ ಮಾರ್ಚ್ 13ರಂದು, ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ವಿಶ್ವಕಪ್ಪಿನ ಉಪಾಂತ್ಯ ಪಂದ್ಯವನ್ನು ಭಾರತ ಸೋಲುವುದು ಖಚಿತವಾದಾಗ ಪ್ರೇಕ್ಷಕರು ಬಾಟಲಿಗಳನ್ನು ಎಸೆದು, ಆಸನಗಳಿಗೆ ಬೆಂಕಿ ಹಚ್ಚಿದರು. ಆಟ ಮುಂದುವರಿಯಲಾಗದೆ ಶ್ರೀಲಂಕೆಯೇ ಗೆದ್ದಿತೆಂದು ಘೋಷಿಸಬೇಕಾಯಿತು. ದೇಶ ಒಂದೇ, ಆಟ ಒಂದೇ, ಸೋಲೂ ಒಂದೇ. ಚೆನ್ನೈಯಲ್ಲಿ ಜನರು ಆಟವನ್ನು ನೋಡಿದರು. ಕಲ್ಕತ್ತೆಯಲ್ಲಿ ಅವರಿಗೆ ಕಂಡದ್ದು ತಮ್ಮ ಸೋಲು ಮಾತ್ರ. ‘ನಮ್ದೇ’ ಎಂಬ ಅಭಿಮಾನವು ಆಟವನ್ನು ಕಾಣುವ ಕಣ್ಣಿಗೆ ಪೊರೆಯಾಗಿ ಬೆಳೆದಾಗ ನೋಡುವವನು ಕುರುಡನಾಗುತ್ತಾನೆ. ಶರಣರು ‘ಮರವೆ’ ಎಂದು ಕರೆದುದು ಈ ಸ್ಥಿತಿಯನ್ನೇ. ಅರಿವು ಇರುವವರೆಗೆ ನೋಟ ವಿನೋದ. ಮರವೆ ಆವರಿಸಿದರೆ ಅದೇ ನೋಟ ವಿನಾಶ.

ಈ ಮರವೆ ಇಂದಿನದಲ್ಲ. ಕ್ರಿ.ಶ. 532ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥದ ಓಟವನ್ನು ನೋಡುವವರು ನೀಲಿ, ಹಸಿರು ಎಂಬ ಎರಡು ಬಣಗಳಾಗಿದ್ದರು. ಅವರ ಕೂಗಾಟ ದಂಗೆಯಾಗಿ ಬೆಳೆದು ನಗರದ ಬಹುಭಾಗ ಸುಟ್ಟುಹೋಯಿತು. ಚಕ್ರವರ್ತಿ ಜಸ್ಟಿನಿಯನ್ನನ ಸೈನಿಕರು ಕ್ರೀಡಾಂಗಣದಲ್ಲಿಯೇ ನಡೆಸಿದ ಹತ್ಯೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಂದಿನ ಇತಿಹಾಸಕಾರ ಪ್ರೊಕೋಪಿಯಸ್ ದಾಖಲಿಸಿದ್ದಾನೆ. ಗೆದ್ದ ರಥದಲ್ಲಿ ಆ ಮೂವತ್ತು ಸಾವಿರ ಜನರಲ್ಲಿ ಒಬ್ಬನೂ ಕುಳಿತಿರಲಿಲ್ಲ.

ಇಲ್ಲಿ ಇನ್ನೊಂದು ತಪ್ಪು ತೀರ್ಮಾನಕ್ಕೆ ಎಡೆಗೊಡಬಾರದು. ಬೆಂಗಳೂರಿನಲ್ಲಿ ಮಡಿದ ಹನ್ನೊಂದು ಜನರನ್ನು ‘ಬುದ್ಧಿಯಿಲ್ಲದವರು, ಹೋಗಿ ಸತ್ತರು’ ಎಂದು ಹಳಿಯುವ ನಾಲಗೆಗಳಿಗೆ ಕರುಣೆಯೂ ಇಲ್ಲ, ತಿಳಿವಳಿಕೆಯೂ ಇಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿಗೆ 97 ಜನ ಬಲಿಯಾದಾಗಲೂ ಪೊಲೀಸರು ಮತ್ತು ಕೆಲವು ಪತ್ರಿಕೆಗಳು ದೋಷವನ್ನು ಸತ್ತವರ ಕಡೆಯವರ ಮೇಲೆಯೇ ಹೊರಿಸಿದ್ದರು. ಬಂಧುಗಳು ಇಪ್ಪತ್ತೇಳು ವರ್ಷ ಹೋರಾಡಿದ ಮೇಲೆ, 2016ರಲ್ಲಿ, ಪ್ರೇಕ್ಷಕರ ನಡತೆ ಕಾರಣವಲ್ಲ, ಅವರು ಕಾನೂನುಬಾಹಿರವಾಗಿ ಸಾವಿಗೀಡಾದರು ಎಂಬ ತೀರ್ಪು ಬಂದಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸುಮಾರು 35,000 ಜನ ಕೂರಬಹುದು. ಅಂದು ಬಂದವರು ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ಇಷ್ಟು ಜನರನ್ನು ಒಂದೇ ದಿನದ ಅವಧಿಯಲ್ಲಿ ಕರೆದು, ಬಾಗಿಲನ್ನು ಕಿರಿದಾಗಿರಿಸಿದವರ ಹೊಣೆ ಸತ್ತವರ ಹೊಣೆಗಿಂತ ನೂರುಪಾಲು ದೊಡ್ಡದು. ಹೊರಗೆ ಪ್ರಾಣಗಳು ಹೋದ ಮೇಲೆಯೂ ಒಳಗೆ ಸಂಭ್ರಮ ಸ್ವಲ್ಪ ಹೊತ್ತು ನಡೆಯಿತು. ಅಭಿಮಾನವೆಂಬ ಬೆಂಕಿಗೆ ವರ್ಷಗಟ್ಟಲೆ ಎಣ್ಣೆ ಸುರಿದು ಲಾಭ ಪಡೆದವರು, ಅದು ಉರಿದೆದ್ದ ದಿನ ‘ಜನರಿಗೆ ಸಂಯಮವಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸಲ್ಲದು.

ನಿರಪಾಯ ಸಂತೋಷವೆಂಬ ವಾದವನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಬೇಕು. 2013ರಲ್ಲಿ ಇದೇ ಲೀಗಿನಲ್ಲಿ ಬಾಜಿಯ ಹಗರಣ ಬಯಲಾಯಿತು. 2015ರಲ್ಲಿ ಲೋಧಾ ಸಮಿತಿಯು ಚೆನ್ನೈ ಮತ್ತು ರಾಜಸ್ಥಾನದ ತಂಡಗಳನ್ನು ಎರಡು ವರ್ಷ ಹೊರಗಿರಿಸಿತು. ಬಾಜಿ ಅಷ್ಟಕ್ಕೆ ನಿಲ್ಲದೆ ಬೀದಿಯಿಂದ ಮೊಬೈಲಿಗೆ ಬಂದಿತು. ಕಾಲ್ಪನಿಕ ತಂಡ ಕಟ್ಟಿ ಹಣ ಹೂಡುವ ಆಟವನ್ನು ನಡೆಸುವ ಕಂಪನಿಯ ಹೆಸರು 2023ರಿಂದ ಭಾರತ ತಂಡದ ಅಂಗಿಯ ಮೇಲೆಯೇ ರಾರಾಜಿಸಿತು. ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಮೇಲೆ ಆ ಹೆಸರು ಅಳಿಯಿತು. ನಿರಪಾಯವಾಗಿದ್ದರೆ ಕಾನೂನಿನ ಕೈ ಏಕೆ ಬೇಕಾಯಿತು? ಪಂದ್ಯದ ರಾತ್ರಿ ಹಣ ಕಳೆದುಕೊಂಡು ಬಂದ ಮಗನ ಮುಖವನ್ನು ಕಂಡ ತಾಯಿಗೆ ಈ ಪ್ರಶ್ನೆಗೆ ಉತ್ತರ ಗೊತ್ತು.

‘ಬಡವನಿಗೆ ಇನ್ನಾವ ಸುಖವಿದೆ? ಅದನ್ನೂ ಕಿತ್ತುಕೊಳ್ಳಬೇಕೆ?’ ಎಂದು ಕೇಳುವವರುಂಟು. ಈ ಪ್ರಶ್ನೆ ನ್ಯಾಯವಾದುದು. ದಿನವಿಡೀ ಆಟೋ ಓಡಿಸಿದವನು, ಗಾರೆ ಕೆಲಸ ಮಾಡಿದವನು ರಾತ್ರಿ ಒಂದು ಪಂದ್ಯ ನೋಡಿ ಮನಸ್ಸು ಹಗುರ ಮಾಡಿಕೊಂಡರೆ ಅವನನ್ನು ಆಕ್ಷೇಪಿಸುವ ಅಧಿಕಾರ ಮೆತ್ತೆಯ ಮೇಲೆ ಕುಳಿತವರಿಗಿಲ್ಲ. ಆದರೆ ಲೆಕ್ಕವನ್ನು ಅವನೇ ಮಾಡಿಕೊಳ್ಳಲಿ. 2025ರ ಋತುವಿನಲ್ಲಿ 74 ಪಂದ್ಯಗಳು ನಿಗದಿಯಾಗಿದ್ದವು. ಒಂದಕ್ಕೆ ಮೂರೂವರೆ ಗಂಟೆಯೆಂದರೂ ಸುಮಾರು 260 ಗಂಟೆ. ದಿನಕ್ಕೆ ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಮೂವತ್ತೆರಡು ದಿನ. ಒಂದು ಸಂಜೆ ವಿಶ್ರಾಂತಿ, ಮೂವತ್ತೆರಡು ದಿನ ಏನು? ಅಷ್ಟು ದಿನ ಮಗಳ ಓದಿನ ಪಕ್ಕದಲ್ಲಿ ಕುಳಿತಿದ್ದರೆ, ಮಗನೊಡನೆ ಬಯಲಿಗೆ ಇಳಿದು ತಾನೇ ಚೆಂಡು ಎಸೆದಿದ್ದರೆ ಏನಾಗುತ್ತಿತ್ತು? ಹಿಂದೆ ಜಾತ್ರೆಯ ಕುಸ್ತಿಯನ್ನು ನೋಡುತ್ತಿದ್ದವರಲ್ಲಿ ಅನೇಕರು ಗರಡಿಯ ಮಣ್ಣನ್ನು ಮೈಗೆ ಬಳಿದುಕೊಂಡವರೇ ಆಗಿದ್ದರು. ಪಟ್ಟು ಹಾಕಿದವನ ಶ್ರಮ ಅವರ ಮೈಗೆ ತಿಳಿಯುತ್ತಿತ್ತು. ಆದ್ದರಿಂದಲೇ ಗೆದ್ದವನ ಜೊತೆಗೆ ಸೋತವನಿಗೂ ಅವರಲ್ಲಿ ಮರ್ಯಾದೆಯಿತ್ತು. ಮೈ ಮಣಿಸದೆ ಬರಿಗಣ್ಣಿನಿಂದ ಮಾತ್ರ ಆಡುವವನಿಗೆ ಈ ಮರ್ಯಾದೆ ಹುಟ್ಟುವುದು ಕಷ್ಟ.

ಹಾಗಾದರೆ ನೋಡುವವನು ಏನು ಮಾಡಬೇಕು? ತನ್ನನ್ನು ತಾನು ಮೂರು ಮಾತು ಕೇಳಿಕೊಂಡರೆ ಸಾಕು. ಎದುರಾಳಿ ಚೆನ್ನಾಗಿ ಆಡಿ ಗೆದ್ದರೆ ತನ್ನ ಕೈಗಳು ಚಪ್ಪಾಳೆ ತಟ್ಟಲು ಏಳುತ್ತವೆಯೇ? ಪಂದ್ಯ ಮುಗಿದ ಮರುದಿನ ತನ್ನ ಕಾಯಕಕ್ಕೆ ಹುರುಪಿನಿಂದ ಮರಳುವೆನೇ, ಅಥವಾ ಸಿಡುಕನ್ನು ಹೊತ್ತು ಮರಳುವೆನೇ? ಪರದೆ ಆರಿದರೆ ಮನೆಯವರ ಮುಖ ಕಾಣುತ್ತದೆಯೇ? ಇವಕ್ಕೆ ಒಳ್ಳೆಯ ಉತ್ತರ ಬಂದರೆ ಅವನು ನಿಶ್ಚಿಂತೆಯಿಂದ ಆಟ ನೋಡಲಿ. ಅವನ ನೋಟದಲ್ಲಿ ದೋಷವಿಲ್ಲ. ಬಾರದಿದ್ದರೆ, ಅವನು ನೋಡುತ್ತಿರುವುದು ಆಟವನ್ನಲ್ಲ, ಆಟವೇ ಅವನನ್ನು ಆಡಿಸುತ್ತಿದೆ.

ಕಪ್ ಆಡಿದವರಿಗೆ ಸಂದಿತು. ಅದರ ಹಣ ಸೇರಬೇಕಾದವರ ಕೈ ಸೇರಿತು. ಹನ್ನೊಂದು ಮನೆಗಳಿಗೆ ಮಾತ್ರ ಅಂದು ಹೊರಗೆ ಹೋದವರು ಮರಳಲಿಲ್ಲ. ಮುಂದಿನ ಸಲ ‘ನಮ್ದೇ’ ಎಂದು ಕೂಗಲು ಬಾಯಿ ತೆರೆಯುವವನು ಒಂದು ಕ್ಷಣ ತಡೆದು ಆ ಮನೆಗಳನ್ನು ನೆನೆಯಲಿ. ಆಟಗಾರರನ್ನು ತನ್ನವರೆಂದು ಕರೆಯುವವನಿಗೆ ಆ ಹನ್ನೊಂದು ಜನರೂ ತನ್ನವರೇ ಆಗಬೇಡವೇ?